ಇಪ್ಪತ್ತು ಮಿಲಿಆಂಪಿನ ಯಜಮಾನ

ನೀರಿನ ಮೋಟರನ್ನು ಆನ್ ಮಾಡುವವರು ಎಲ್ಲರ ಮನೆಯಲ್ಲೂ ಇರುತ್ತಾರೆ. ಆಫ್ ಮಾಡಬೇಕಾಗಿದ್ದವರು ಯಾರು ಎನ್ನುವುದು ಮಾತ್ರ ಟ್ಯಾಂಕು ತುಂಬಿ ರಸ್ತೆಗೆ ಹರಿದ ಮೇಲೆ ವಿಚಾರಣೆಗೆ ಬರುತ್ತದೆ. ನಮ್ಮ ಮನೆಯಲ್ಲಿ ಹಾಗಾಗುವುದಿಲ್ಲ ಎಂದು ನೀವು ಹೇಳಿದರೆ ನಾನು ನಂಬುವುದಿಲ್ಲ. ಒಂದೋ ನೀವು ಒಂಟಿ, ಇಲ್ಲವೇ ನಿಮ್ಮಲ್ಲಿ ನೀರೇ ಬರುತ್ತಿಲ್ಲ.

ಬೆಂಗಳೂರಿನಲ್ಲಿ ಸಂಪು ಕೆಳಗೆ, ಸಿಂಟೆಕ್ಸು ಮೇಲೆ, ಎರಡರ ನಡುವೆ ಸಂಸಾರ. ಇದು ವಾಸ್ತುವಿಗಿಂತ ಗಟ್ಟಿಯಾದ ನಿಯಮ. ನಮ್ಮಲ್ಲಿ ಮೋಟರ್ ಸ್ವಿಚ್ಚು ಒತ್ತಿದ ತಕ್ಷಣ ಇವಳು ದೋಸೆ ಕಾವಲಿಯ ಮುಂದೆ ನಿಲ್ಲುತ್ತಾಳೆ, ಅಮ್ಮ ಜಪಕ್ಕೆ ಕೂರುತ್ತಾಳೆ, ಮಗಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಲೋಕದಿಂದ ನಿವೃತ್ತಳಾಗುತ್ತಾಳೆ, ನಾನು ಪೇಪರ್ ಹಿಡಿಯುತ್ತೇನೆ. ಮುಂದಿನದೆಲ್ಲ ಎದುರುಮನೆ ರಾಯರ ಜವಾಬ್ದಾರಿ. ಅವರು ಬಾಲ್ಕನಿಗೆ ಬಂದು "ಸ್ವಾಮೀ, ನಿಮ್ಮ ಟ್ಯಾಂಕೂ..." ಎಂದು ಕೂಗಿದರೆ ತುಂಬಿದೆ ಎಂದು ಅರ್ಥ. ರಾಯರು ಮಗಳ ಮನೆಗೆಂದು ಶಿವಮೊಗ್ಗಕ್ಕೆ ಹೋದ ವಾರ ನಮ್ಮ ಗೇಟಿನ ಮುಂದೆ ಬೀದಿನಾಯಿಗಳು ಮೂರು ಹೊತ್ತೂ ತೊಯ್ದುಕೊಂಡೇ ಓಡಾಡಿದವು.

"ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬಂದ ನೀರು ರೀ ಇದು!" ಇವಳು ಶುರು ಮಾಡಿದಳು. "ಹಾರೋಹಳ್ಳಿ, ತಾತಗುಣಿ ಅಂತ ನಡುನಡುವೆ ಪಂಪ್ ಮಾಡಿ ಮಾಡಿ ಬೆಟ್ಟ ಹತ್ತಿಸಿದಷ್ಟು ಎತ್ತರಕ್ಕೆ ಹತ್ತಿಸಿ ಕಳಿಸ್ತಾರೆ. ನೀವು ಅದನ್ನ ನಾಯಿಗೆ ಅಭಿಷೇಕ ಮಾಡ್ತೀರ. 2024ರ ಬೇಸಿಗೆಯಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದೋರಿಗೆ 5000 ರೂಪಾಯಿ ದಂಡ ಹಾಕ್ತಿದ್ರು, ನೆನಪಿದೆಯಾ? ನಮ್ಮ ಹತ್ರ ಕಾರೂ ಇಲ್ಲ!"

ಕಾರಿಲ್ಲದ ವಿಷಯ ಈ ವಾದದೊಳಗೆ ಹೇಗೆ ನುಗ್ಗಿತು ಎಂದು ಕೇಳುವಷ್ಟು ದಡ್ಡ ನಾನಲ್ಲ. ಮದುವೆಯಾಗಿ ಬಹಳ ವರ್ಷಗಳಾಗಿವೆ.

ಯುಗಾದಿ ಊಟಕ್ಕೆ ಭಾವಮೈದುನ ಬಂದಿದ್ದ. ಅವನ ಮನೆಯಲ್ಲಿ ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತದೆ. ಇಂಥ ಒಬ್ಬ ನೆಂಟ ನಿಮಗೂ ಇದ್ದೇ ಇರುತ್ತಾನೆ. ಹೋಳಿಗೆಗೆ ತುಪ್ಪ ಬಿಡಿಸಿಕೊಳ್ಳುತ್ತ, "ಭಾವ, ಒಂದು ಫ್ಲೋಟ್ ಸ್ವಿಚ್ ಹಾಕಿಸಿಬಿಡಿ. ಎಲೆಕ್ಟ್ರಿಷಿಯನ್ ಬಂದ್ರೆ ಅರ್ಧ ಗಂಟೆ ಕೆಲಸ" ಎಂದ.

ಅಲ್ಲಿಗೇ ನಾನು "ಆಯ್ತಪ್ಪ" ಎಂದಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಆದರೆ ನಾನು ಹೈಸ್ಕೂಲಿನಲ್ಲಿ ಮೊಳೆಗೆ ತಾಮ್ರದ ತಂತಿ ಸುತ್ತಿ, ಬ್ಯಾಟರಿ ಸೇರಿಸಿ, ಗುಂಡುಸೂಜಿ ಎತ್ತಿಸಿ ವಿಜ್ಞಾನ ಪ್ರದರ್ಶನದಲ್ಲಿ ಸಮಾಧಾನಕರ ಬಹುಮಾನ ಪಡೆದವನು. ಆಮೇಲೆ ಬದುಕೆಲ್ಲ ಲೆಕ್ಕಪತ್ರದ ವಿಭಾಗದಲ್ಲಿ ಕಳೆದರೂ ಆ ಸಮಾಧಾನ ಇನ್ನೂ ಆರಿಲ್ಲ.

"ಫ್ಲೋಟು ಗೀಟು ಎಲ್ಲ ಹಳೇ ಕಾಲದ್ದು," ಎಂದೆ. "ನಾನು ಮೈಕ್ರೋಕಂಟ್ರೋಲರ್ ಹಾಕ್ತೀನಿ."

ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ಇವಳು ಸೌಟು ಹಿಡಿದುಕೊಂಡೇ, "ಯಾವುದನ್ನ ಹಾಕ್ತೀರ?" ಎಂದಳು.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದವರಿಗೆ ಗೊತ್ತು, ಅಲ್ಲಿ ಅಂಗಡಿಯ ಅಗಲ ಮೂರಡಿ, ಅದರೊಳಗಿನ ಹುಡುಗನ ಜ್ಞಾನ ಮೂರು ಮಹಡಿ. ಮಗಳು ಬರೆದುಕೊಟ್ಟಿದ್ದ ಆರ್ಡುಯಿನೋ ಬೋರ್ಡು ತೆಗೆದುಕೊಂಡೆ. "ಆಮೇಲೆ ಒಂದು ರಿಲೇ" ಎಂದೆ, ದಿನಾ ಕೊಳ್ಳುವವನ ಗತ್ತಿನಲ್ಲಿ.

"ರಿಲೇನಾ, ರಿಲೇ ಮಾಡ್ಯೂಲಾ ಸಾರ್?"

ಮಾಡ್ಯೂಲಿನ ಬೆಲೆ ಜಾಸ್ತಿ. "ಬರೀ ರಿಲೇ ಸಾಕು. ಐದು ವೋಲ್ಟಿಂದು."

ಹುಡುಗ ನೀಲಿ ಪ್ಲಾಸ್ಟಿಕ್ಕಿನ ಚಿಕ್ಕದೊಂದು ಡಬ್ಬಿ ಇಟ್ಟ. ಉದ್ದ ಎರಡು ಸೆಂಟಿಮೀಟರ್ ಕೂಡ ಇಲ್ಲ. ನೆತ್ತಿಯ ಮೇಲೆ 10 ಆಂಪ್, 250 ವೋಲ್ಟ್ ಎಂದು ಅಚ್ಚಾಗಿತ್ತು. ನನ್ನ ಮೋಟರಿಗೆ ಧಾರಾಳವಾಯಿತು ಎಂದುಕೊಂಡೆ.

"ಟ್ರಾನ್ಸಿಸ್ಟರ್, ಡಯೋಡ್ ಕೊಡ್ಲಾ ಸಾರ್?"

"ಯಾಕೆ?"

"ಡೈರೆಕ್ಟ್ ಪಿನ್ನಿಗೇ ಹಾಕ್ತೀರಾ?"

"ಹ್ಞೂಂ, ಡೈರೆಕ್ಟ್."

ಹುಡುಗ ಮತ್ತೇನೂ ಹೇಳಲಿಲ್ಲ. ಬಿಲ್ಲು ಬರೆಯುತ್ತ ಸಣ್ಣಗೆ ನಕ್ಕು, "ಮತ್ತೆ ಸಿಗೋಣ ಸಾರ್" ಎಂದ. ಎಂಥ ಸಂಸ್ಕಾರವಂತ ಎಂದು ಅವತ್ತು ಮೆಚ್ಚಿಕೊಂಡೆ.

ಊಟದ ಮೇಜು ಪ್ರಯೋಗಶಾಲೆಯಾಯಿತು. ಉಪ್ಪಿನಕಾಯಿ ಜಾಡಿ, ಔಷಧಿ ಡಬ್ಬಿ, ಕರೆಂಟ್ ಬಿಲ್ಲುಗಳನ್ನು ಪಕ್ಕಕ್ಕೆ ಸರಿಸಿ ಬೋರ್ಡು ಇಟ್ಟೆ. ಅಮ್ಮ ಬಂದು ಕನ್ನಡಕ ಸರಿಮಾಡಿಕೊಂಡಳು.

"ಇದರ ಹೆಸರೇನೋ?"

"ಆರ್ಡುಯಿನೋ ಅಂತಮ್ಮ. 2005ರಲ್ಲಿ ಇಟಲಿಯ ಇವ್ರೆಯಾ ಅನ್ನೋ ಊರಲ್ಲಿ ಶುರುವಾಗಿದ್ದು. ಅದನ್ನ ಮಾಡಿದವರು ಸೇರ್ತಿದ್ದ ಒಂದು ಬಾರಿನ ಹೆಸರನ್ನೇ ಇಟ್ಟರಂತೆ."

"ಬಾರು!" ಅಮ್ಮ ಎರಡು ಹೆಜ್ಜೆ ಹಿಂದೆ ಹೋದಳು. "ದೇವರ ಮನೆ ಕಡೆ ಮುಖ ಮಾಡಿ ಇಡಬೇಡ ಅದನ್ನ."

"ಆ ಬಾರಿಗೆ ಒಬ್ಬ ರಾಜನ ಹೆಸರಮ್ಮ. 1002ನೇ ಇಸವಿಯಲ್ಲಿ ಇಟಲಿಗೆ ರಾಜನಾದವನು."

"ರಾಜನೇ ಆಗಲಿ, ಕುಡಿಯೋ ಜಾಗ ಕುಡಿಯೋ ಜಾಗವೇ."

ಬೋರ್ಡನ್ನು ತಿರುಗಿಸಿ ಇಟ್ಟೆ.

ಮೊದಲ ರಾತ್ರಿ ಒಂದು ಎಲ್‌ಇಡಿ ಮಿಣುಕಿಸಿದೆ. ಒಂದು ಸೆಕೆಂಡು ಹತ್ತುವುದು, ಒಂದು ಸೆಕೆಂಡು ಆರುವುದು. ಮಗಳ ಲ್ಯಾಪ್‌ಟಾಪಿನಲ್ಲಿ ನಾನು ಬರೆದ ನಾಲ್ಕು ಸಾಲಿಗೆ ಲೋಹದ ಕಾಲುಗಳ ಆ ಕಪ್ಪು ಚಿಪ್ಪು ತಲೆಬಾಗಿತು. ಈ ಮನೆಯಲ್ಲಿ ನಾನು ಹೇಳಿದ್ದನ್ನು ಎದುರುತ್ತರವಿಲ್ಲದೆ ಮಾಡಿದ ಮೊದಲ ಪ್ರಾಣಿ ಅದು. ಎಷ್ಟೋ ಹೊತ್ತು ಹಾಗೇ ನೋಡುತ್ತ ಕೂತಿದ್ದೆ. ದೀಪ ಹಚ್ಚಿದವನಿಗೆ ರಿಲೇ ಯಾವ ಲೆಕ್ಕ!

ಮಾರನೆಯ ಸಂಜೆ ಎಲ್‌ಇಡಿ ಕಿತ್ತು ಅದೇ ಜಾಗಕ್ಕೆ ರಿಲೇ ಸಿಕ್ಕಿಸಿದೆ. ಸುರುಳಿಯ ಒಂದು ಕಾಲು 8ನೇ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಇದರೊಳಗೆ ಇರುವುದು ನನ್ನ ಹೈಸ್ಕೂಲಿನ ಮೊಳೆಯೇ. ತಂತಿಯ ಸುರುಳಿಗೆ ಕರೆಂಟು ಬಂದರೆ ಅದು ಅಯಸ್ಕಾಂತವಾಗುತ್ತದೆ, ಒಂದು ಕಬ್ಬಿಣದ ಪಟ್ಟಿಯನ್ನು ಎಳೆದುಕೊಳ್ಳುತ್ತದೆ, ಪಟ್ಟಿ ಹೋಗಿ ಇನ್ನೊಂದು ತುದಿಗೆ ತಾಗಿದಾಗ ಟಿಕ್ ಎನ್ನುತ್ತದೆ.

ಟಿಕ್ ಎಂದಿತು!

"ಬನ್ರೇ ಎಲ್ಲ! ಬೇಗ ಬನ್ನಿ!"

ಒಲೆ ಸಣ್ಣ ಮಾಡಿ ಇವಳು ಬಂದಳು. ಜಪಸರದ ಸಮೇತ ಅಮ್ಮ ಬಂದಳು. ಮಗಳು ಒಂದು ಕಿವಿ ಬಿಚ್ಚಿಕೊಂಡು ಬಂದಳು. ರಿಲೇ ಸುಮ್ಮನಾಯಿತು. ನಾನು ತಂತಿ ಒತ್ತಿದೆ, ಬೋರ್ಡು ತಟ್ಟಿದೆ, ಊದಿದೆ. ಎಲ್ಲರೂ ವಾಪಸ್ ಹೋದರು. ಟಿಕ್. ಮತ್ತೆ ಕರೆದೆ. ಮತ್ತೆ ಮೌನ. "ಗೀಸರ್ ರಿಪೇರಿ ಮಾಡಿದಾಗಲೂ ಹೀಗೇ ಕರೀತಿದ್ರಿ" ಎಂದು ಇವಳು ಒಲೆ ದೊಡ್ಡದು ಮಾಡಿದಳು.

ಅಮ್ಮ ಮಾತ್ರ ಪಕ್ಕದ ಕುರ್ಚಿಯಲ್ಲೇ ಕೂತು, "ಇದು ಆಗೋ ಹೋಗೋ ಕೆಲಸ ಅಲ್ಲ ಕಣೋ" ಎಂದಳು.

ಟಿಕ್.

ಅಮ್ಮ ಥಟ್ಟನೆ ಬೆರಳಿನಿಂದ ಮೇಜು ಕುಟ್ಟಿ, "ಕೃಷ್ಣ ಕೃಷ್ಣ! ನೋಡು, ಹಲ್ಲಿ ನುಡೀತು. ಸತ್ಯ!" ಎಂದಳು.

"ಅದು ಹಲ್ಲಿ ಅಲ್ಲಮ್ಮ, ರಿಲೇ."

"ನಾನು ಎಪ್ಪತ್ತು ದಾಟಿದವಳು. ನನಗೆ ಹಲ್ಲಿ ಹೇಳಿಕೊಡ್ತೀಯಾ?"

ಅಂದಿನಿಂದ ನಮ್ಮ ಮನೆಯ ನ್ಯಾಯತೀರ್ಮಾನಗಳೆಲ್ಲ ರಿಲೇಯ ಕೈಗೆ ಹೋದವು. "ಈ ಸಲ ಅವನಿಗೆ ಶುಗರ್ ಜಾಸ್ತಿ ಬರತ್ತೆ ನೋಡ್ತಿರು." ಟಿಕ್. "ಇವನಿಗಿಂತ ಇವನ ಭಾವಮೈದುನ ವ್ಯವಹಾರಸ್ಥ." ಟಿಕ್. ನಾನು ಬಾಯಿ ತೆಗೆದಾಗ ಒಂದೇ ಒಂದು ಸಲ ಅದು ನುಡಿದಿದ್ದರೆ ಕೇಳಿ.

ಕೊನೆಗೆ ಮಗಳು ಕರುಣೆ ತೋರಿದಳು. ಎಂಜಿನಿಯರಿಂಗ್ ಎರಡನೇ ವರ್ಷದವಳು. ಅಪ್ಪನಿಗೆ ಪಾಠ ಹೇಳುವ ಅವಕಾಶಕ್ಕೆಂದೇ ಆ ಕೋರ್ಸು ಸೇರಿದಳೇನೋ ಎಂದು ನನಗೆ ಆಗಾಗ ಅನುಮಾನ.

"ಅಪ್ಪ, ಡೇಟಾಶೀಟ್ ಓದಿದ್ಯಾ?"

"ಓದೋದೇನಿದೆ? ಪಿನ್ನೂ ಐದು ವೋಲ್ಟು, ರಿಲೇನೂ ಐದು ವೋಲ್ಟು. ಜಾತಕ ಕೂಡಿದೆ."

ಅವಳು ಬರೆಯಲು ಒಂದು ಮದುವೆ ಕಾಗದದ ಹಿಂಬದಿಯನ್ನೇ ತೆಗೆದುಕೊಂಡಳು. "ವೋಲ್ಟು ಕೂಡಿದ್ರೆ ಆಗಲ್ಲಪ್ಪ, ಆಂಪು ಕೂಡಬೇಕು. ಈ ರಿಲೇ ಸುರುಳಿ ಸುಮಾರು 70 ಓಮ್. ಐದನ್ನ ಎಪ್ಪತ್ತರಿಂದ ಭಾಗಿಸು, 71 ಮಿಲಿಆಂಪ್ ಬರತ್ತೆ. ಇದು ಎಟಿಮೆಗಾ 328ಪಿ ಚಿಪ್ಪು. ಇದರ ಒಂದು ಪಿನ್ನು ನೆಮ್ಮದಿಯಾಗಿ ಕೊಡೋದು 20. ತೀರಾ ಮಿತಿ ಅಂದ್ರೆ 40. ಅಲ್ಲಿಂದ ಮೇಲೆ ಸುಡತ್ತೆ ಅಂತ ಬರೆದಿದ್ದಾರೆ."

"ಆದರೂ ಟಿಕ್ ಅಂತಿದೆಯಲ್ಲ?"

"ಅದೇ ಮಜಾ. ಪಿನ್ನಿನ ಒಳಗೂ ಸುಮಾರು 25 ಓಮ್ ತಡೆ ಇದೆ. ಅಷ್ಟು ಎಳೆದ್ರೆ ಪಿನ್ನು ಕುಸಿಯತ್ತೆ. ರಿಲೇಗೆ ಐದು ವೋಲ್ಟ್ ಸಿಗಲ್ಲ, 3.7ರ ಆಸುಪಾಸು ಸಿಗತ್ತೆ. ಈ ರಿಲೇ ಖಂಡಿತ ಎಳೀತೀನಿ ಅಂತ ಮಾತು ಕೊಡೋದು 3.75ಕ್ಕೆ. ಅದಕ್ಕೇ ಮನಸ್ಸು ಬಂದ್ರೆ ಟಿಕ್, ಇಲ್ಲದಿದ್ರೆ ಇಲ್ಲ. ಸುರುಳಿ ಬಿಸಿಯಾದಷ್ಟೂ ತಾಮ್ರದ ತಡೆ ಹೆಚ್ಚತ್ತೆ, ಇನ್ನೂ ಕಷ್ಟ."

ಲೆಕ್ಕಪತ್ರದವನಿಗೆ ಇದು ಅರ್ಥವಾಗಬೇಕಿತ್ತು. 20 ಆದಾಯ, 71 ಖರ್ಚು. ತಿಂಗಳ ಕೊನೆಯಲ್ಲಿ ನಾನೇ ಎಷ್ಟು ಸಲ ನೋಡಿದ ಹಾಳೆ ಇದು! ಆದರೆ ಮಗಳ ಎದುರು ಒಪ್ಪಿಕೊಳ್ಳುವುದು ಹೇಗೆ? "ಒಂದು ಪಿನ್ನು ಸಾಲದಿದ್ರೆ ಎರಡು ಪಿನ್ನು ಸೇರಿಸೋಣ" ಎಂದೆ. ಅವಳು ಹಣೆ ಒತ್ತಿಕೊಂಡು ಇನ್ನೊಂದು ಕಿವಿಯನ್ನೂ ಮುಚ್ಚಿಕೊಂಡಳು.

ಎರಡನ್ನಲ್ಲ, ಮೂರನ್ನು ಸೇರಿಸಿದೆ. ಧಾರಾಳಿ ನಾನು. ರಿಲೇ ಗಟ್ಟಿಯಾಗಿ ಟಿಕ್ ಎಂದಿತು. ಅದನ್ನು ನೋಡಿ ಎದೆಯುಬ್ಬಿ ಕಾಫಿ ಕೇಳುವಷ್ಟರಲ್ಲಿ ಬೋರ್ಡು ಮುಟ್ಟಿದರೆ ಸುಡುತ್ತಿತ್ತು. ನೋಡಿದರೆ ಎರಡು ಪಿನ್ನಿಗೆ ಹೈ ಎಂದು ಬರೆದು, ಮೂರನೆಯದಕ್ಕೆ ಲೋ ಎಂದು ಬರೆದಿದ್ದೆ. ಇಬ್ಬರು ಮೇಲೆತ್ತುತ್ತಿದ್ದಾರೆ, ಒಬ್ಬ ಕೆಳಗೆ ಜಗ್ಗುತ್ತಿದ್ದಾನೆ, ಜಗಳ ಚಿಪ್ಪಿನ ಹೊಟ್ಟೆಯೊಳಗೆ. ಕಾಫಿ ಬರುವ ಹೊತ್ತಿಗೆ 8ನೇ ಪಿನ್ನು ತೀರಿಹೋಗಿತ್ತು. ಆಮೇಲೆ ಏನು ಬರೆದರೂ ಅದು ಹೈ ಆಗಲೇ ಇಲ್ಲ. ಬೋರ್ಡಿನಲ್ಲಿ ಇನ್ನೂ ಬೇಕಾದಷ್ಟು ಪಿನ್ನುಗಳಿವೆ ಎಂದು ಸಮಾಧಾನ ಮಾಡಿಕೊಂಡೆ. ಬಹುಮಾನವೂ ಸಮಾಧಾನಕರದ್ದೇ ಅಲ್ಲವೇ.

"ಮತ್ತೆ ಸಿಗೋಣ ಸಾರ್" ಎಂದಿದ್ದ ಹುಡುಗ ಮತ್ತೆ ಸಿಕ್ಕ. ನನ್ನ ಮುಖ ನೋಡಿಯೇ ಟ್ರಾನ್ಸಿಸ್ಟರ್ ಡಬ್ಬಿಗೆ ಕೈಹಾಕಿದ. ನಾನು ಬಿಡಲಿಲ್ಲ. "ಪಿನ್ನಿಗೆ ಡೈರೆಕ್ಟ್ ಹಾಕೋ ರಿಲೇನೇ ಇಲ್ವೇನಪ್ಪ?"

"ಇದೆ ಸಾರ್, ರೀಡ್ ರಿಲೇ. ಸುರುಳಿ 500 ಓಮ್. ಹತ್ತೇ ಮಿಲಿಆಂಪು. ಆರಾಮಾಗಿ ಎತ್ತತ್ತೆ."

ವಿಜಯೋತ್ಸಾಹದಿಂದ ಕೊಂಡು ತಂದೆ. ಮನೆಯಲ್ಲಿ ಸಿಕ್ಕಿಸಿದರೆ ನಿಜಕ್ಕೂ ಪ್ರತಿಸಲವೂ ಕೆಲಸ ಮಾಡಿತು. ಸದ್ದು ಮಾತ್ರ ಎಷ್ಟು ಮೆಲುವೆಂದರೆ ಅಮ್ಮ "ಹಲ್ಲಿ ಎಲ್ಲೋ ಹೋಯ್ತು" ಎಂದು ಪೇಚಾಡಿಕೊಂಡಳು. ಆಮೇಲೆ ಮಗಳು ಅದರ ಡೇಟಾಶೀಟು ತೆಗೆದಳು. ಗಾಜಿನ ಕೊಳವೆಯೊಳಗೆ ಎರಡು ತೆಳು ಪಟ್ಟಿ, ತಡೆಯುವುದು ಅರ್ಧ ಆಂಪು. ಮೋಟರು ಒಂದು ಎಚ್‌ಪಿ, ಅಂದರೆ 746 ವ್ಯಾಟ್. ಓಡುವಾಗಲೇ ಐದಾರು ಆಂಪು ಎಳೆಯುತ್ತದೆ, ಶುರುವಾಗುವ ಗಳಿಗೆಯಲ್ಲಿ ಅದರ ಎಷ್ಟೋ ಪಟ್ಟು. ಅಂದರೆ ನನ್ನ ಮಾತು ಕೇಳುವ ರಿಲೇಗೆ ಮೋಟರು ಎತ್ತುವ ತಾಕತ್ತಿಲ್ಲ, ತಾಕತ್ತಿರುವ ರಿಲೇ ನನ್ನ ಮಾತು ಕೇಳುವುದಿಲ್ಲ. ನೆಂಟರಿಷ್ಟರ ವಿಷಯದಲ್ಲಿ ಇದು ನಿಮಗೂ ಅನುಭವ ಇರಬೇಕು.

ಕೊನೆಗೆ ಟ್ರಾನ್ಸಿಸ್ಟರ್ ಕೊಂಡೆ. ಬಿ.ಸಿ. 547, ಚಿಲ್ಲರೆ ಕಾಸಿನದು, ಮೂರು ಕಾಲು. ಇದರ ಬುದ್ಧಿ ಬಲು ಚೆನ್ನ. ಪಿನ್ನು ಒಂದು ಸಾವಿರ ಓಮಿನ ರೆಸಿಸ್ಟರಿನ ಮೂಲಕ ಇದಕ್ಕೆ ನಾಲ್ಕೈದು ಮಿಲಿಆಂಪು ಕೊಟ್ಟು ಪಿಸುಗುಟ್ಟಿದರೆ ಸಾಕು, ರಿಲೇಯ ಎಪ್ಪತ್ತನ್ನು ಇದು ಬೋರ್ಡಿನ ಐದು ವೋಲ್ಟಿನಿಂದ ಎಳೆದು ಹೊರುತ್ತದೆ. ಡಯೋಡನ್ನೂ ಹುಡುಗ ಕಟ್ಟಿಕೊಟ್ಟಿದ್ದ. ಅದೇನು ಮಾಡುತ್ತದೆ ಎಂದು ತಿಳಿಯದ್ದರಿಂದ ಅದನ್ನು ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟೆ.

ರಿಲೇ ಟಿಕ್ ಎಂದು ಹತ್ತಿತು. ಟಿಕ್ ಎಂದು ಇಳಿಯಿತು. ಸ್ವಲ್ಪ ಹೊತ್ತಾದ ಮೇಲೆ ಹತ್ತಿದ್ದು ಇಳಿಯಲಿಲ್ಲ. ಟ್ರಾನ್ಸಿಸ್ಟರ್ ಸತ್ತಿತ್ತು.

"ಸುರುಳಿಯಲ್ಲಿ ಹರೀತಿದ್ದ ಕರೆಂಟನ್ನ ಥಟ್ಟನೆ ನಿಲ್ಲಿಸಿದ್ರೆ ಅದು ನಿಲ್ಲಲ್ಲಪ್ಪ," ಮಗಳು ಹೇಳಿದಳು. "ಹರೀಲೇಬೇಕು ಅಂತ ಹಟ ಮಾಡತ್ತೆ. ಅದಕ್ಕೆ ಎಷ್ಟು ವೋಲ್ಟು ಬೇಕೋ ಅಷ್ಟು ತಾನೇ ಹುಟ್ಟಿಸಿಕೊಳ್ಳತ್ತೆ. ಐದು ವೋಲ್ಟಿನ ರಿಲೇ ನೂರು ವೋಲ್ಟು ದಾಟಿ ಒದೆಯೋಕೆ ನೋಡತ್ತೆ. ಈ ಟ್ರಾನ್ಸಿಸ್ಟರ್ ತಡೆಯೋದು 45. ಡಯೋಡು ಇದ್ರೆ ಆ ಕರೆಂಟು ಅಲ್ಲೇ ಸುತ್ತಿ ಸುತ್ತಿ ಸುಸ್ತಾಗಿ ಮಲಗತ್ತೆ. ಎಲ್ಲಿ ಡಯೋಡು?"

ಅಡುಗೆಮನೆಯವರೆಗೂ ಹುಡುಕಿದೆವು. ಅಮ್ಮ ಅದನ್ನು ಲವಂಗವೆಂದು ಡಬ್ಬಿಗೆ ಸೇರಿಸಿದ್ದಳು. ಕಪ್ಪಗೆ, ಸಣ್ಣಗೆ ಇದ್ದದ್ದು ನಿಜ, ಆದರೆ ಎರಡೂ ಕಡೆ ತಂತಿ ಇರುವ ಲವಂಗ ಎಲ್ಲಿ ಬೆಳೆಯುತ್ತದೆ? ಸದ್ಯ, ಪುಲಾವ್ ಮಾಡಿರಲಿಲ್ಲ.

1ಎನ್4007 ಎಂಬ ಆ ಡಯೋಡಿನ ಒಂದು ತುದಿಗೆ ಬೆಳ್ಳಿ ಪಟ್ಟಿ ಇರುತ್ತದೆ. ಪಟ್ಟಿಯ ಕಡೆ ಪ್ಲಸ್ಸಿಗೆ ಬರಬೇಕು. ನನಗೂ ಗೊತ್ತಿತ್ತು. ಆದರೆ ಚಾಳೀಸು ಟಿ.ವಿ. ಮೇಲಿತ್ತು, ನಾನು ಮೇಜಿನ ಮುಂದಿದ್ದೆ, ಎದ್ದು ತರುವಂತೆ ಹೇಳಲು ಸುತ್ತಮುತ್ತ ಯಾರೂ ಇರಲಿಲ್ಲ. ಉಲ್ಟಾ ಬಿತ್ತು. ಹೊಸ ಟ್ರಾನ್ಸಿಸ್ಟರ್ ಆನ್ ಆದ ಕ್ಷಣ ಐದು ವೋಲ್ಟು ಡಯೋಡಿನೊಳಗಿಂದ ಅಡ್ಡದಾರಿ ಹಿಡಿದು ನೇರ ಅದರ ಮೇಲೆ ಬಿತ್ತು. ಒಂದು ಎಳೆ ಹೊಗೆ ಎದ್ದಿತು.

"ಒಗ್ಗರಣೆ ಸೀದಿತು ಕಣೇ!" ಅಮ್ಮ ಒಳಗಿಂದ ಕೂಗಿದಳು.

"ಒಗ್ಗರಣೆಗೆ ಇಟ್ಟೇ ಇಲ್ಲ ಅತ್ತೆ!"

ಅಷ್ಟರಲ್ಲಿ ಮಗಳ ಲ್ಯಾಪ್‌ಟಾಪು ತನ್ನ ಯುಎಸ್‌ಬಿ ಕಿಂಡಿಯಲ್ಲಿ ಯಾರೋ ವಿಪರೀತ ಕರೆಂಟು ಎಳೆಯುತ್ತಿದ್ದಾರೆ ಎಂದು ದೂರು ಕೊಟ್ಟು ಆ ಕಿಂಡಿಯನ್ನೇ ಮುಚ್ಚಿಕೊಂಡಿತು. ಪಕ್ಕದ ಕಿಂಡಿಗೆ ಸಿಕ್ಕಿಸಿದ್ದ ಮೌಸೂ ಸತ್ತುಹೋಯಿತು. ಅಂದು ರಾತ್ರಿ ಹನ್ನೆರಡಕ್ಕೆ ಅವಳು ಅಸೈನ್‌ಮೆಂಟ್ ಒಪ್ಪಿಸಬೇಕಿತ್ತಂತೆ. ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೆಣ್ಣುಮಕ್ಕಳ ತಂದೆಯರು ಊಹಿಸಿಕೊಳ್ಳಬಲ್ಲರು.

ಇಷ್ಟಾದ ಮೇಲೆ ಯಾರಿಗೂ ಹೇಳದೆ ರಿಲೇ ಮಾಡ್ಯೂಲು ಕೊಂಡುಬಂದೆ. ಟ್ರಾನ್ಸಿಸ್ಟರು, ಡಯೋಡು ಎಲ್ಲ ಅದರಲ್ಲೇ ಕೂತಿರುತ್ತವೆ. ಮೊದಲ ದಿನವೇ ಹುಡುಗ ಕೇಳಿದ್ದು ಇದನ್ನೇ. ಮೇಜಿನ ಮೇಲೆ ಅದು ಚೆನ್ನಾಗಿ ಕೆಲಸ ಮಾಡಿತು, ಆದರೆ ಪೂರಾ ಉಲ್ಟಾ. ಟ್ಯಾಂಕು ಖಾಲಿ ಎಂದರೆ ಮೋಟರ್ ನಿಲ್ಲಿಸುತ್ತದೆ, ತುಂಬಿದೆ ಎಂದರೆ ಶುರು ಮಾಡುತ್ತದೆ. ಪಿನ್ನಿನಲ್ಲಿ ಲೋ ಬಂದಾಗ ಹತ್ತುವ, ಹೈ ಬಂದಾಗ ಇಳಿಯುವ ಮಾಡ್ಯೂಲುಗಳೇ ಮಾರುಕಟ್ಟೆಯಲ್ಲಿ ಬಹಳ. ನಾನು ಕೋಡಿನಲ್ಲಿ ಹೈ ಇದ್ದಲ್ಲೆಲ್ಲ ಲೋ ಬರೆದು ಸರಿಮಾಡಿದೆ. ಒಂದು ಕಡೆ ಬಿಟ್ಟುಹೋಗಿತ್ತು. ಯಾವ ಕಡೆ ಎಂಬುದು ಆಮೇಲೆ ಎದುರುಮನೆ ರಾಯರಿಂದ ತಿಳಿಯಿತು.

ಮೋಟರಿಗೆ ಜೋಡಿಸುವ 230 ವೋಲ್ಟಿನ ಕೆಲಸಕ್ಕೆ ಮಾತ್ರ ನಾನು ಕೈಹಾಕಲಿಲ್ಲ. ಇದು ನನ್ನ ವಿವೇಕವೆಂದು ತಿಳಿಯಬೇಡಿ, ಇವಳು ಮೇನ್ ಸ್ವಿಚ್ಚಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎಲೆಕ್ಟ್ರಿಷಿಯನ್ ಬಂದ. ಮೇಜಿನ ಮೇಲಿನ ನನ್ನ ಸಾಮ್ರಾಜ್ಯವನ್ನು ನೋಡಿದ. ನೀಲಿ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಸಾರ್, ಇದರ ಮೇಲೆ ಮೋಟರ್ ಹಾಕ್ತೀರಾ?" ಎಂದ.

"10 ಆಂಪ್ ಅಂತ ಬರೆದಿದೆಯಲ್ಲಪ್ಪ."

"ಬಲ್ಬು, ಹೀಟರಿಗೆ ಆದ್ರೆ ಸರಿ ಸಾರ್. ಮೋಟರು ಸ್ಟಾರ್ಟ್ ಆಗೋವಾಗ ಎಳೀತದಲ್ಲ, ಆಗ ಒಳಗಿನ ಕಾಂಟ್ಯಾಕ್ಟು ಕಿಡಿ ಹಾರಿ ಅಂಟ್ಕೊಂಬಿಡ್ತದೆ. ಆಮೇಲೆ ನೀವೇನ್ ಆಫ್ ಮಾಡಿದ್ರೂ ಬಿಡಲ್ಲ. ಇದು ಕಾಂಟ್ಯಾಕ್ಟರಿಗೆ ಹೇಳ್ಲಿ, ಕಾಂಟ್ಯಾಕ್ಟರು ಮೋಟರ್ ಎತ್ತಲಿ."

ಕಾಂಟ್ಯಾಕ್ಟರ್ ಎಂದರೆ ರಿಲೇಯೇ, ಮುಷ್ಟಿಗಾತ್ರದ್ದು. ಅಂದರೆ ಇನ್ನೊಂದು ಖರ್ಚು. ಮಗಳು ಅದೇ ಮದುವೆ ಕಾಗದದ ಮೇಲೆ ಎಲ್ಲರಿಗೂ ವಿವರಿಸಿದಳು. ಪಿನ್ನು ಟ್ರಾನ್ಸಿಸ್ಟರಿಗೆ ಹೇಳುತ್ತದೆ. ಟ್ರಾನ್ಸಿಸ್ಟರು ರಿಲೇಯನ್ನು ಎತ್ತುತ್ತದೆ. ರಿಲೇ ಕಾಂಟ್ಯಾಕ್ಟರನ್ನು ಎಬ್ಬಿಸುತ್ತದೆ. ಕಾಂಟ್ಯಾಕ್ಟರು ಮೋಟರನ್ನು ಓಡಿಸುತ್ತದೆ. ಮೋಟರು ನೀರು ಹೊರುತ್ತದೆ.

ಇವಳು ಬಲು ಆಸಕ್ತಿಯಿಂದ ಕೇಳಿದಳು. "ಅಂದ್ರೆ ಈ ಪಿನ್ನು ಕೂತಲ್ಲಿಂದ ಹೇಳೋದು ಮಾತ್ರ. ಎತ್ತೋರು ಬೇರೆ."

"ಹೌದಮ್ಮ. ಅದರ ಕೈಲಿ ಆಗೋದು 20 ಮಿಲಿಆಂಪು."

"ಥೇಟ್ ನಿಮ್ಮಪ್ಪ."

ಎಲೆಕ್ಟ್ರಿಷಿಯನ್ ಗೋಡೆ ಕಡೆ ತಿರುಗಿ ಸ್ಕ್ರೂ ಹುಡುಕತೊಡಗಿದ. ಅವನ ಭುಜ ಕುಲುಕುತ್ತಿತ್ತು.

"ಗ್ಯಾಸ್ ಖಾಲಿಯಾಯ್ತು ನೋಡು ಅಂತ ಇವರು ಸೋಫಾದಿಂದ ಹೇಳ್ತಾರೆ," ಇವಳು ಮುಂದುವರಿಸಿದಳು. "ನಾನು ವಾಚ್‌ಮನ್‌ಗೆ ಹೇಳ್ತೀನಿ. ವಾಚ್‌ಮನ್ ಅವನ ಮಗನಿಗೆ ಹೇಳ್ತಾನೆ. ಆ ಹುಡುಗ ಸಿಲಿಂಡರ್ ಎತ್ತಿ ತಂದು ಜೋಡಿಸ್ತಾನೆ. ಒಳಗಿನ ಗ್ಯಾಸೇ 14.2 ಕೆ.ಜಿ., ಮೇಲೆ ಕಬ್ಬಿಣದ ತೂಕ ಬೇರೆ. ಸಂಜೆ ಫೋನಿನಲ್ಲಿ ತಮ್ಮನಿಗೆ ಹೇಳೋದು ಏನು? ಇವತ್ತು ಸಿಲಿಂಡರ್ ಬದಲಾಯಿಸಿದೆ ಅಂತ! ಡೈರೆಕ್ಟಾಗಿ ಇವರ ಮೇಲೇ ಭಾರ ಹಾಕಿದ್ದು ಒಂದೇ ಸಲ, ಹಬ್ಬಕ್ಕೆ ಹತ್ತು ಕೆ.ಜಿ. ಅಕ್ಕಿ. ಮೂರು ದಿನ ಸೊಂಟಕ್ಕೆ ಮುಲಾಮು."

"ಕುಸಿದು 3.7 ವೋಲ್ಟ್ ಆಗಿರಬೇಕು" ಎಂದಳು ಮಗಳು.

"ಹಾಗಾದ್ರೆ ನೀನು ಟ್ರಾನ್ಸಿಸ್ಟರ್ ಕಣೇ" ಎಂದಳು ಅಮ್ಮ, ಸೊಸೆಗೆ. ಎಷ್ಟೋ ವರ್ಷಗಳಲ್ಲಿ ಅತ್ತೆ ಸೊಸೆಗೆ ಕೊಟ್ಟ ಮೊದಲ ಬಿರುದು. ಇಬ್ಬರೂ ನಕ್ಕರು. ಮೇಜಿನ ಮೇಲೆ ರಿಲೇ ಟಿಕ್ ಎಂದಿತು. "ಕೃಷ್ಣ ಕೃಷ್ಣ, ಸತ್ಯ" ಎಂದು ಈ ಸಲ ಎಲೆಕ್ಟ್ರಿಷಿಯನ್ನೂ ಸೇರಿ ನಾಲ್ವರೂ ಮೇಜು ಕುಟ್ಟಿದರು.

ನಾನು ಇತಿಹಾಸದ ಮೊರೆಹೊಕ್ಕೆ. ಸೋತವನಿಗೆ ಅದೇ ಗತಿ. "ನೋಡಿ, 1835ರಲ್ಲೇ ಅಮೆರಿಕದ ಜೋಸೆಫ್ ಹೆನ್ರಿ ಇದನ್ನ ಮಾಡಿದ್ದ. ಉದ್ದನೆಯ ತಂತಿಯಲ್ಲಿ ಸೊರಗಿ ಬರೋ ಕರೆಂಟಿನಿಂದ ದೊಡ್ಡ ಬ್ಯಾಟರಿಯ ಬಾಗಿಲು ತೆರೆಸೋದು. ಅಲ್ಪಶಕ್ತಿ ಮಹಾಶಕ್ತಿಯನ್ನ ಆಳೋದು! ಪ್ರಿನ್ಸ್‌ಟನ್‌ನಲ್ಲಿ ಅವನು ಪ್ರಯೋಗಶಾಲೆಯಿಂದ ಮನೆಗೆ ತಂತಿ ಎಳೆದು ಹೆಂಡತಿಗೆ ಸಂಕೇತ ಕಳಿಸ್ತಿದ್ದ."

"ಏನಂತ?"

"ಊಟದ ವಿಷಯ ಇರಬೇಕು."

"ಆಯಮ್ಮನೂ ಕೂತು ತಂತಿ ಒತ್ತಿದ್ರೆ ಇವನಿಗೆ ಊಟ ಹೋಗ್ತಿತ್ತಾ?"

ಎಲೆಕ್ಟ್ರಿಷಿಯನ್‌ಗೆ ಕಾಫಿ ಬೇಕೇನೋ ಎಂದು ವಿಚಾರಿಸಿದೆ. "ಹೇಳಿದ್ರಲ್ಲ, ಇನ್ನು ನಾನು ಮಾಡ್ತೀನಿ" ಎಂದು ಟ್ರಾನ್ಸಿಸ್ಟರು ಒಳಗೆ ಹೋಯಿತು.

ಅಂತೂ ಒಂದು ಶುಭದಿನ ಎಲ್ಲ ಕೂಡಿಬಂತು. ಟ್ಯಾಂಕಿನಲ್ಲಿ ನೀರು ತಗ್ಗಿತು, ಚಿಪ್ಪಿಗೆ ಸುದ್ದಿ ಬಂತು, ಮೇಜಿನ ಕಡೆಯಿಂದ ಟಿಕ್, ಗೋಡೆಯ ಪೆಟ್ಟಿಗೆಯಿಂದ ಧಡ್, ಕೆಳಗಿನಿಂದ ಮೋಟರಿನ ಗುರ್. ತುಂಬಿದಾಗ ಎಲ್ಲ ತಾನಾಗಿ ನಿಂತಿತು. ಎದುರುಮನೆ ರಾಯರು ಅಭ್ಯಾಸಬಲದಿಂದ ಬಾಲ್ಕನಿಗೆ ಬಂದು ನಿಂತು, ಕೂಗಲು ಏನೂ ಇಲ್ಲದೆ ಹೋದಾಗ ಮುಖ ಬಾಡಿ ಒಳಗೆ ಹೋದರು. ಭಾವಮೈದುನನಿಗೆ ವಿಡಿಯೋ ಕಳಿಸಿದೆ. ಅವನು ಹೆಬ್ಬೆರಳು ಕಳಿಸಿದ. ಒಂದೇ ಹೆಬ್ಬೆರಳು. ನನ್ನ ಅಂದಾಜಿನಲ್ಲಿ ಇದು ನಾಲ್ಕೈದಕ್ಕೆ ಅರ್ಹವಾಗಿತ್ತು.

ಆ ದರ್ಬಾರು ಸುಮಾರು ದಿನ ನಡೆಯಿತು. ಗೆಳೆಯರನ್ನು ಕರೆದು ತೋರಿಸಿದೆ. ಹಾಲಿನವನಿಗೂ ತೋರಿಸಿದೆ. ಒಂದು ಭಾನುವಾರ ಬೆಳಿಗ್ಗೆ, ಬಂಧುಗಳ ಮದುವೆಗೆ ಹೊರಡಬೇಕು, ನಲ್ಲಿ ತಿರುಗಿಸಿದರೆ ಬರೀ ಗಾಳಿ. ಟ್ಯಾಂಕು ಬಣಬಣ. ಚಿಪ್ಪು ನೋಡಿದೆ, ಸರಿ ಇದೆ. ರಿಲೇ ಟಿಕ್ ಎಂದಿತು, ಸರಿ ಇದೆ. ಗೋಡೆಯ ಪೆಟ್ಟಿಗೆ ಮಾತ್ರ ಧಡ್ ಎನ್ನುವ ಬದಲು ಗುಂಯ್ ಎಂದು ಗೊಣಗುತ್ತಿತ್ತು. ಮೋಟರಿನ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದೆ. ಅವನು ಬಂದು ಪೆಟ್ಟಿಗೆ ಬಿಚ್ಚಿ, ಕಾಂಟ್ಯಾಕ್ಟರಿನ ಸಂದಿಗೆ ಟಾರ್ಚು ಬಿಟ್ಟು, ಮೆಲ್ಲನೆ ಸ್ಕ್ರೂಡ್ರೈವರಿನಲ್ಲಿ ಏನನ್ನೋ ಎತ್ತಿದ.

ಹಲ್ಲಿ.

"ನಿಮ್ಮ ಸರ್ಕ್ಯೂಟು ಪಕ್ಕಾ ಇದೆ ಸಾರ್," ಅವನು ಹೇಳಿದ. "ಇದು ಸಂದೀಲಿ ಸಿಕ್ಕಾಕ್ಕೊಂಡು ಪಟ್ಟಿ ಪೂರ್ತಿ ಕೂರೋಕೆ ಬಿಟ್ಟಿಲ್ಲ. ಎಲ್ಲ ಕಡೆ ಇದೇ ಗೋಳು."

ನನ್ನ ಸರ್ಕ್ಯೂಟು ಪಕ್ಕಾ ಇದೆ! ಬಲ್ಲವನೊಬ್ಬ ಬಾಯಿಬಿಟ್ಟು ಹೇಳಿದ ಮಾತು. ಇದನ್ನು ಕೇಳಲು ಅಲ್ಲಿ ಯಾರಿದ್ದರು? ಅಮ್ಮ ಕುರ್ಚಿಯಿಂದ ಎದ್ದು ನಿಂತಿದ್ದಳು. "ಹಲ್ಲಿ ಅಂತ ನಾನು ಮೊದಲ ದಿನವೇ ಹೇಳಿದೆ. ರಿಲೇ ಗಿಲೇ ಅಂತ ನನ್ನ ಬಾಯಿ ಮುಚ್ಚಿಸಿದ್ರಿ."

"1947ರ ಸೆಪ್ಟೆಂಬರ್ 9ಕ್ಕೆ ಹಾರ್ವರ್ಡ್‌ನ ಮಾರ್ಕ್ ಟೂ ಕಂಪ್ಯೂಟರಿನ ರಿಲೇನಲ್ಲಿ ಪತಂಗ ಸಿಕ್ಕಿತ್ತು ಅಜ್ಜಿ," ಮಗಳು ಕಣ್ಣರಳಿಸಿ ಹೇಳಿದಳು. "ಅದನ್ನ ಲಾಗ್ ಪುಸ್ತಕಕ್ಕೆ ಟೇಪ್ ಹಚ್ಚಿ ಅಂಟಿಸಿದ್ರು. ಇದನ್ನ ನನ್ನ ಲ್ಯಾಬ್ ರೆಕಾರ್ಡಿಗೆ..."

"ಅಂಟಿಸಿದ್ರೆ ನೀನೂ ಆ ಪುಸ್ತಕದ ಜೊತೆ ಆಚೆ!" ಎಂದಳು ಇವಳು.

ಅಮ್ಮ ತೀರ್ಪು ಕೊಟ್ಟಳು. ಹಲ್ಲಿಯ ಸಾವು ಈ ಮನೆಯ ಯಂತ್ರದಿಂದ ಆಗಿದೆ. ಎಲ್ಲರಿಗೂ ತಲೆಸ್ನಾನ. ಬರುವ ತಿಂಗಳು ಕಂಚಿಗೆ ಹೋಗಿ ವರದರಾಜ ಸ್ವಾಮಿ ಗುಡಿಯಲ್ಲಿ ಚಿನ್ನದ ಹಲ್ಲಿ, ಬೆಳ್ಳಿ ಹಲ್ಲಿ ಮುಟ್ಟಿ ಬರಬೇಕು. ಕಾರು ಭಾವಮೈದುನನದು. ಅವನು ಫೋನಿನಲ್ಲಿ ಕೂಡಲೇ ಒಪ್ಪಿದ. "ಒಂದು ಫ್ಲೋಟ್ ಸ್ವಿಚ್ ಹಾಕಿಸಿದ್ರೆ..." ಎಂದು ಶುರು ಮಾಡಿದವನು, ಅಕ್ಕ ಪಕ್ಕದಲ್ಲೇ ಇದ್ದಾಳೆಂದು ತಿಳಿದು ಪೂರ್ತಿ ಮಾಡಿದ.

ತಲೆಸ್ನಾನಕ್ಕೆ ನೀರು? ಕಾಂಟ್ಯಾಕ್ಟರನ್ನು ಬಿಚ್ಚಿ ತೊಳೆದು ಕೂರಿಸಲು ಎಲೆಕ್ಟ್ರಿಷಿಯನ್‌ಗೆ ಗಂಟೆಗಟ್ಟಲೆ ಬೇಕು. ಮುಹೂರ್ತ ಹತ್ತೂಮುಕ್ಕಾಲಕ್ಕೆ. ವಾಚ್‌ಮನ್ ಊರಿಗೆ ಹೋಗಿದ್ದ, ಮಗನ ಸಮೇತ. ಇವಳು ಒಂದು ಹಗ್ಗ, ಒಂದು ಪ್ಲಾಸ್ಟಿಕ್ ಬಕೆಟ್ಟು ತಂದು ನನ್ನ ಮುಂದಿಟ್ಟಳು. ಸಂಪಿನ ಮುಚ್ಚಳ ಆಗಲೇ ತೆಗೆದಿತ್ತು.

"ಟ್ರಾನ್ಸಿಸ್ಟರ್ ಯಾರೂ ಇಲ್ವಾ?" ಎಂದೆ.

"ಡೈರೆಕ್ಟ್" ಎಂದಳು.

ಸೇದಿದೆ. ಮೆಟ್ಟಿಲು ಹತ್ತಿದೆ. ಅಮ್ಮನ ಬಕೆಟ್ಟು, ಮಗಳ ಬಕೆಟ್ಟು, ಕೂದಲು ಉದ್ದವಿರುವುದರಿಂದ ಮಗಳದು ಇನ್ನೊಂದು, ಇವಳದು, ಪಾತ್ರೆಗೆ, ಪೂಜೆಗೆ. ಎದುರುಮನೆ ರಾಯರು ಬಹಳ ದಿನಗಳ ಮೇಲೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಬೋರ್ಡು ಯಾರೂ ಆಫ್ ಮಾಡದ್ದರಿಂದ ಮೇಜಿನ ಮೇಲೆ ತನ್ನ ಪಾಡಿಗೆ ಟಿಕ್ ಎನ್ನುತ್ತಿತ್ತು. ಮೆಟ್ಟಿಲ ಮೊದಲ ತಿರುವಿನಲ್ಲಿ ಸೊಂಟ ಹಿಡಿದು ನಿಂತಾಗ ಬಚ್ಚಲಿನಿಂದ ಅಮ್ಮ ಕೂಗಿದ್ದು ಕೇಳಿಸಿತು. ಅದನ್ನು ಅಡುಗೆಮನೆಯಿಂದ ಇವಳು ಹಜಾರಕ್ಕೆ ದಾಟಿಸಿದಳು. ಹಜಾರದಿಂದ ಮಗಳು ಮೆಟ್ಟಿಲಿಗೆ ದಾಟಿಸಿದಳು:

"ಅಪ್ಪಾ, ಅಜ್ಜಿಗೆ ಇನ್ನೊಂದು ಬಕೆಟ್ ಬೇಕಂತೆ!"